ತುಂಬಿಸಿಟ್ಟ ಸೋರೆಬುರುಡೆ

ಮಂಗಳವಾರ ಬೆಳಿಗ್ಗೆ 7.45ಕ್ಕೆ ಕಪ್ಸಿರ್ಮೆಟ್ ಪೊಲೀಸ್ ಠಾಣೆಗೆ ಬಂದ ದೂರು ಒಂದೇ ಸಾಲಿನದು: ತರಬೇತಿ ಶಿಬಿರದ ಪೆಟ್ಟಿಗೆಯಿಂದ ಓಟಗಾರ್ತಿ ಜೆಲಗತ್ ಕೊಸ್ಕೆಯ ಪಾಸ್‌ಪೋರ್ಟ್ ಕಾಣೆಯಾಗಿದೆ. ದೂರು ತಂದವನು ಶಿಬಿರದ ವ್ಯವಸ್ಥಾಪಕ ಬರ್ನಬಾಸ್ ತಲಾಮ್. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹೊರಟ ಕೀನ್ಯಾ ತಂಡದ ಓಟಗಾರರು ಅಂದೇ ಸಂಜೆ ಎಲ್ಡೊರೆಟ್‌ನಲ್ಲಿ ವಿಮಾನ ಹತ್ತಬೇಕಿತ್ತು.

ಇನ್ಸ್‌ಪೆಕ್ಟರ್ ರೇಲ್ ಚೆಸಿರೆ ದೂರನ್ನು ದಾಖಲಿಸಿಕೊಂಡು ತಲೆಯೆತ್ತಿದಳು.

"ಕೊನೇ ಸಲ ನೋಡಿದ್ದು ಯಾವಾಗ?"

"ಶನಿವಾರ ಸಂಜೆ ಮೇಡಂ. ಎಲ್ಲಾನೂ ನಾನೇ ಎಣಿಸಿಟ್ಟೆ. ಮತ್ತೆ ಪೆಟ್ಟಿಗೆ ತೆಗೆದಿದ್ದು ಇವತ್ತೇ."

"ಬೀಗ?"

"ಒಡೆದಿಲ್ಲ. ಕೀಲಿ ನನ್ನ ಹಾಸಿಗೆ ಪಕ್ಕದ ಮೊಳೇಲಿ ಇರುತ್ತೆ."

"ಅದು ಯಾರ್ಯಾರಿಗೆ ಗೊತ್ತು?"

ತಲಾಮ್ ನೆಲ ನೋಡಿದ. "ಎಲ್ಲರಿಗೂ."

"ಪಾಸ್‌ಪೋರ್ಟ್ ಸಿಗದಿದ್ರೆ?"

"ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ನೈರೋಬಿಗೆ ಹೆಸರು ಹೇಳ್ಬೇಕು. ಜೆಲಗತ್ ಇಲ್ಲ ಅಂದ್ರೆ ಮೀಸಲು ಓಟಗಾರ್ತಿ ಮೊನಿಕಾ ಕಂಡಿಯೆ ಹೋಗ್ತಾಳೆ. ಅವಳ ವೀಸಾ ಕೂಡ ತಯಾರಿದೆ."

ಎಂಟೂವರೆಗೆ ಚೆಸಿರೆ, ಕಾನ್‌ಸ್ಟೇಬಲ್ ಮುಟಿಸೊ ಜೊತೆ ಶಿಬಿರ ತಲುಪಿದಳು. ಮೆಟ್ಟಿಲ ಮೇಲೆ, ಕಟ್ಟಿ ಮುಗಿಸಿದ ಚೀಲದ ಪಕ್ಕದಲ್ಲಿ, ಜೆಲಗತ್ ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಇದೇ ಕೂಟಕ್ಕೆ ಆಯ್ಕೆಯಾಗಿ, ಹೊರಡುವ ಮುಂಚೆ ಕಾಲಿನ ಮೂಳೆ ಬಿರುಕುಬಿಟ್ಟು ಮನೆಯಲ್ಲೇ ಉಳಿದವಳು. ಈಗ ಅವಳಿಗೆ ಮೂವತ್ತೆರಡು.

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ. ಇಲ್ಲಿ ಎಲ್ಲರೂ ಒಂದೇ ತಟ್ಟೇಲಿ ಉಗಾಲಿ ತಿಂದೋರು." ಅವಳು ಕಾಲು ನೀವಿಕೊಂಡಳು. "ಇನ್ನು ನಾಲ್ಕು ವರ್ಷ ಕಾಯೋಕೆ ನನ್ನ ಕಾಲಿಗೆ ಆಗಲ್ಲ ಅಫಾಂದೆ." ಅಲ್ಲಿ ಪೊಲೀಸ್ ಅಧಿಕಾರಿಗಳನ್ನು ಕರೆಯುವುದೇ ಹಾಗೆ.

ಮೊನಿಕಾ ಕಂಡಿಯೆ ಇನ್ನೂ ಹುಡುಗಿ. ಅತ್ತು ಅತ್ತು ಕಣ್ಣು ಊದಿದ್ದವು. "ಎಲ್ಲರೂ ನನ್ನನ್ನೇ ನೋಡ್ತಿದಾರೆ. ನನ್ನ ಚೀಲ ನೀವೇ ಸುರೀರಿ," ಅಂದಳು. ಮುಟಿಸೊ ಸುರಿದ. ಬಟ್ಟೆ, ಬೂಟು, ಬೈಬಲ್ಲು ಬಿಟ್ಟರೆ ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಶಿಬಿರ ಪೂರ್ತಿ ಚರ್ಚಿಗೆ ಹೋಗಿತ್ತು. ಉಳಿದವರು ಇಬ್ಬರೇ. ಒಬ್ಬಳು ಅಡುಗೆಯವಳು. ಇನ್ನೊಬ್ಬ ಎಲ್ಕಾನಾ ಕಂಡಿಯೆ, ಮೊನಿಕಾಳ ಅಣ್ಣ. ಅಭ್ಯಾಸದಲ್ಲಿ ಜೆಲಗತ್, ಮೊನಿಕಾ ಇಬ್ಬರ ಮುಂದೆಯೂ ಓಡಿ ವೇಗ ಹಿಡಿದುಕೊಡುವವನು. ಅವನು ಅಂಗಳದಲ್ಲಿ ಬೂಟು ತೊಳೆಯುತ್ತಿದ್ದ.

"ಭಾನುವಾರ ಚರ್ಚಿಗೆ ಯಾಕೆ ಹೋಗ್ಲಿಲ್ಲ?"

"ಬೂಟು ತೊಳೀತಿದ್ದೆ."

"ಆಮೇಲೆ?"

"ಮಧ್ಯಾಹ್ನ ಮನೆಗೆ ಹೋಗಿ ಅಮ್ಮನ್ನ ನೋಡ್ಕೊಂಡು ಬಂದೆ."

"ಎಷ್ಟು ಬೂಟು ತೊಳೆದೆ ಮಾರಾಯಾ, ಚರ್ಚು ತಪ್ಪೋ ಅಷ್ಟು?" ಎಂದ ಮುಟಿಸೊ.

ಎಲ್ಕಾನಾ ನಗಲಿಲ್ಲ. "ಈ ಕೆಮ್ಮಣ್ಣು ನಿಮ್ಮೂರು ಮಚಾಕೋಸ್‌ನ ಮಣ್ಣಲ್ಲ ಸಾರ್. ಒಣಗಿದ್ರೆ ಬಿಡಲ್ಲ."

ಅವನ ಪೆಟ್ಟಿಗೆಯಲ್ಲೂ ಏನೂ ಸಿಗಲಿಲ್ಲ. ಹತ್ತಕ್ಕೆ ಇಬ್ಬರು ಪೊಲೀಸರು ಕಂಡಿಯೆ ಮನೆಯ ದಾರಿ ಹಿಡಿದರು. ಪಾಸ್‌ಪೋರ್ಟ್ ಹೋದರೆ ಲಾಭ ಆ ಮನೆಗೆ. ಅದನ್ನು ಶೋಧಿಸದೆ ತನಿಖೆ ಮುಂದೆ ಹೋಗುವಂತಿರಲಿಲ್ಲ.

ಮನೆ ಕಣಿವೆಯ ಅಂಚಿನಲ್ಲಿತ್ತು. ತಾಯಿ ತಪ್ರಂಡಿಚ್ ಬಾಗಿಲಲ್ಲೇ ಇಬ್ಬರ ಕೈ ಹಿಡಿದು ಒಳಗೆ ಕೂರಿಸಿದಳು. ಏನು ವಿಷಯವೆಂದು ಕೇಳುವ ಮೊದಲೇ ಚಹಾ ಬಂತು. ಗೋಡೆಗೆ ಸಾಲಾಗಿ ತೂಗುಹಾಕಿದ್ದ ಹಾಲಿನ ಸೋರೆಬುರುಡೆಗಳ ಕಡೆ ಚೆಸಿರೆಯ ಕಣ್ಣು ಹೋಯಿತು. ಅವಳು ಹುಟ್ಟಿದ್ದೂ ಇಂಥದೇ ಮನೆಯಲ್ಲಿ.

"ಚಹಾ ಬೇಡಮ್ಮ, ಮುರ್ಸಿಕ್ ಇದ್ರೆ ಕೊಡು. ಹುಳಿಹಾಲು ಕುಡಿದು ಬಹಳ ದಿನ ಆಯ್ತು."

"ನನಗೆ ಚಹಾನೇ ಸಾಕು," ಎಂದು ಮುಟಿಸೊ ಲೋಟ ಹತ್ತಿರ ಎಳೆದುಕೊಂಡ. "ನಮ್ಮ ಕಡೆ ಇದ್ದಲಲ್ಲಿ ಮಾಂಸ ಸುಡ್ತೀವಿ. ಅದನ್ನ ಹಾಲಿಗೆ ಬೆರೆಸಿ ಕಪ್ಪು ಮಾಡಲ್ಲ."

"ಅದಕ್ಕೇ ನಿಮ್ಮ ಕಡೆಯವರು ಓಡಲ್ಲ," ಎಂದಳು ಮುದುಕಿ.

ಚೆಸಿರೆ ನಕ್ಕು, ಮಣಿ ಪೋಣಿಸಿ ಬಿಗಿದ ಮುಚ್ಚಳದ ಬುರುಡೆಯತ್ತ ಕೈ ತೋರಿಸಿದಳು. "ಅದ್ರಲ್ಲಿರೋದನ್ನ ಕೊಡು."

"ಅಯ್ಯೋ, ಅದು ಬೇಡ ಮಗಳೇ. ಅದು ಮೊನಿಕಾಗೆ. ಅವಳು ಓಡಿ ವಾಪಸ್ ಬಂದ್ಮೇಲೇ ಅದನ್ನ ಬಿಚ್ಚೋದು."

ಚೆಸಿರೆಯ ನಗು ನಿಂತಿತು. ದೂರದೇಶಕ್ಕೆ ಓಡಲು ಹೊರಟವರಿಗೆ ಬುರುಡೆಯ ಒಳಗೆ ಇದ್ದಲು ತಿಕ್ಕಿ, ಹಾಲು ತುಂಬಿ ಕಟ್ಟಿಡುವುದು ಅವರು ಹೊರಡುವ ಮುಂಚೆ. ಅವರು ಬರುವಷ್ಟರಲ್ಲಿ ಹಾಲು ಹದವಾಗಿ ಹುಳಿಯುತ್ತದೆ. ಹೋಗದವರಿಗೆ ಯಾರೂ ತುಂಬುವುದಿಲ್ಲ. ಅದು ಅಪಶಕುನ.

"ಮೊನಿಕಾ ಹೋಗ್ತಾಳೆ ಅಂತ ಯಾರು ಹೇಳಿದ್ರಮ್ಮ?"

"ಎಲ್ಕಾನಾ. ಇವತ್ತು ಸಂಜೆ ವಿಮಾನ ಅಲ್ವಾ?"

"ಯಾವಾಗ ಹೇಳಿದ?"

"ಭಾನುವಾರ ಬಂದಿದ್ನಲ್ಲ. 'ಅಮ್ಮಾ, ಜೆಲಗತ್‌ಗೆ ಹೋಗೋಕಾಗಲ್ಲ, ನಮ್ಮ ಹುಡುಗಿ ಹೋಗ್ತಾಳೆ, ಬುರುಡೆ ತುಂಬು' ಅಂದ. ಕೊಂಬೆ ಸುಟ್ಟು ಇದ್ದಲು ಮಾಡಿಕೊಟ್ಟಿದ್ದೂ ಅವನೇ."

ಮುಟಿಸೊ ಲೋಟ ಕೆಳಗಿಟ್ಟ. ಪಾಸ್‌ಪೋರ್ಟ್ ಕಾಣೆಯಾದದ್ದು ತಲಾಮ್‌ಗೆ ಗೊತ್ತಾಗಿದ್ದೇ ಮಂಗಳವಾರ ಬೆಳಿಗ್ಗೆ.

"ಯಾಕೆ ಇಬ್ಬರೂ ಸುಮ್ಮನಾದ್ರಿ?" ಎಂದಳು ಮುದುಕಿ. "ಏನಾಯ್ತು?"

ಚೆಸಿರೆ ಹೇಳಿದಳು. ಸುತ್ತುಬಳಸಿ ಹೇಳುವುದಕ್ಕೆ ಹೊತ್ತಿರಲಿಲ್ಲ.

ಮುಟಿಸೊ ಜೀಪಿನಲ್ಲಿ ಹೋಗಿ ಅಣ್ಣತಂಗಿಯರನ್ನು ಕರೆತಂದಾಗ ಹತ್ತು ಐವತ್ತು. ಒಳಗೆ ಬಂದ ಎಲ್ಕಾನಾ ತಾಯಿಯ ಮುಖ ನೋಡಿದ, ಆಮೇಲೆ ಮಣಿಮುಚ್ಚಳದ ಬುರುಡೆ ನೋಡಿದ. ಎರಡನೇ ಪ್ರಶ್ನೆ ಕೇಳಬೇಕಾಗಲಿಲ್ಲ.

"ಎಲ್ಲಿದೆ?"

"ಮೆಕ್ಕೆಜೋಳದ ಕಣಜದಲ್ಲಿ."

ನೆರೆಮನೆಯ ಇಬ್ಬರನ್ನು ಸಾಕ್ಷಿಗೆ ನಿಲ್ಲಿಸಿ, ಅವನ ಕೈಯಲ್ಲೇ ತೆಗೆಸಿ, ಮುಟಿಸೊ ಪಂಚನಾಮೆ ಬರೆದ. ತೇವ ತಾಗದಂತೆ ಎರಡು ಪದರ ಪ್ಲಾಸ್ಟಿಕ್ ಸುತ್ತಿತ್ತು. ಒಂದು ಹಾಳೆಯೂ ಮಡಿಚಿರಲಿಲ್ಲ.

"ಸುಟ್ಟುಹಾಕ್ಬಹುದಿತ್ತಲ್ಲ," ಎಂದ ಮುಟಿಸೊ.

"ಜೆಲಗತ್‌ದು ಅದು. ಆಮೇಲೆ ವಾಪಸ್ ಇಡೋಣ ಅಂತಿದ್ದೆ."

ಮೊನಿಕಾ ಅಣ್ಣನ ಎದುರು ಬಂದು ನಿಂತಳು. "ನಾನು ಕೇಳಿದ್ನಾ? ಅವಳ ಪಾಸ್‌ಪೋರ್ಟ್ ಕದ್ದು ನನ್ನ ಕಳಿಸು ಅಂತ ಕೇಳಿದ್ನಾ?"

11.20ಕ್ಕೆ ಚೆಸಿರೆ ಎಲ್ಕಾನಾನನ್ನು ಬಂಧಿಸಿದಳು. ಫೋನು ಹಚ್ಚಿ ತಲಾಮ್‌ಗೆ ಒಂದೇ ಮಾತು ಹೇಳಿದಳು: "ಜೆಲಗತ್ ಹೆಸರೇ ಹೇಳಿ." ಸಾಕ್ಷ್ಯಕ್ಕೆಂದು ಪಾಸ್‌ಪೋರ್ಟಿನ ಫೋಟೋ ತೆಗೆದುಕೊಂಡು, ತಲಾಮ್‌ನ ಸಹಿ ಪಡೆದು ಅದನ್ನು ಅವನಿಗೇ ಒಪ್ಪಿಸುವಂತೆ ಮುಟಿಸೊನನ್ನು ಜೀಪಿನಲ್ಲಿ ಕಳಿಸಿದಳು.

ಜೀಪು ಮರಳುವವರೆಗೆ ಕಾಯಬೇಕಿತ್ತು. ಎಲ್ಕಾನಾ ಹೊಸ್ತಿಲ ಮೇಲೆ ಕೂತ.

"ಬುರುಡೆ ವಿಷಯ ಹೇಳದೆ ಇದ್ದಿದ್ರೆ ನೀನು ಇವತ್ತು ಸಿಕ್ಕಿಬೀಳ್ತಿರ್ಲಿಲ್ಲ," ಎಂದಳು ಚೆಸಿರೆ. "ಎರಡು ದಿನ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

"ಹೊರಡೋ ಮುಂಚೆ ತುಂಬಬೇಕಲ್ಲ. ಇಲ್ದಿದ್ರೆ ಅವಳು ಬಂದಾಗ ಕೊಡೋಕೆ ಏನಿರುತ್ತೆ?" ಅವನು ಕೈಗೆ ಮೆತ್ತಿದ ಜೋಳದ ಹೊಟ್ಟು ಒರೆಸಿಕೊಂಡ. "ಹನ್ನೊಂದು ವರ್ಷದಿಂದ ಬೇರೆಯವರಿಗೆ ವೇಗ ಹಿಡಿದುಕೊಡ್ತಿದೀನಿ ಅಫಾಂದೆ. ಎಷ್ಟು ದೇಶ ಸುತ್ತಿದೀನಿ. ಅರ್ಧ ದಾರಿ ಎಲ್ಲರಿಗಿಂತ ಮುಂದೆ ಇರೋದು ನಾನೇ. ಆಮೇಲೆ ಟ್ರ್ಯಾಕ್ ಬಿಟ್ಟು ಹೊರಗೆ ಕಾಲಿಡ್ಬೇಕು, ಅದೇ ಕೆಲಸ. ಮೊದಲನೇ ಸಲ ಹೊರಟಾಗ ಅಮ್ಮ ಕೇಳಿದ್ಲು, ಬುರುಡೆ ತುಂಬಲಾ ಅಂತ. ಬೇಡ, ನಾನು ಓಟ ಮುಗಿಸಲ್ಲ ಅಂದೆ. ಮತ್ತೆ ಕೇಳ್ಲಿಲ್ಲ. ಈ ಮನೆಯವರು ಒಬ್ಬರಾದ್ರೂ ಕೊನೇ ಸುತ್ತು ಓಡ್ಲಿ ಅನ್ನಿಸ್ತು."

ಚೆಸಿರೆ ಇದನ್ನು ಹೇಳಿಕೆಯಲ್ಲಿ ಬರೆದುಕೊಂಡಳು. ಕಾನೂನಿನ ದೃಷ್ಟಿಯಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ. ಆದರೂ ಒಂದು ಮಾತೂ ಬಿಡಲಿಲ್ಲ.

ಜೀಪು ಬಂತು. ಎಲ್ಕಾನಾ ಎದ್ದು ನಿಂತಾಗ ತಪ್ರಂಡಿಚ್ ಗೋಡೆಯಿಂದ ಮಣಿಮುಚ್ಚಳದ ಬುರುಡೆ ಇಳಿಸಿದಳು.

"ಚೆಲ್ಬಿಡಮ್ಮ," ಎಂದ ಅವನು. "ಈ ಮನೆಯಿಂದ ಯಾರೂ ಹೋಗ್ತಿಲ್ಲ."

"ನೀನು ಹೋಗ್ತಿದೀಯಲ್ಲ." ಮುಚ್ಚಳದ ತೊಗಲಿನ ದಾರವನ್ನು ಅವಳು ಇನ್ನೊಂದು ಸುತ್ತು ಬಿಗಿದಳು. "ನೀನು ಬರೋವರೆಗೂ ಇದನ್ನ ಬಿಚ್ಚಲ್ಲ."

ಬುರುಡೆಯನ್ನು ಅದೇ ಮೊಳೆಗೆ ತೂಗುಹಾಕಿ, ಅವಳು ಮಗನನ್ನು ಕಳಿಸಲು ಜೀಪಿನವರೆಗೂ ಬಂದಳು.