ಕರಿಕಾಯಿಗಳು ಕಲ್ಲಾಗಲಿಲ್ಲ

ಹಿಂದೆ, ಬೆಟ್ಟಗಳಿಗೆ ಬಾಯಿದ್ದ ಕಾಲದಲ್ಲಿ, ಕರಿನಾಡು ಎಂಬ ರಾಜ್ಯವಿತ್ತು. ಅದರ ನೆರೆಯ ಬಿಳಿಕೋಟೆಯಲ್ಲಿ ಧವಳಾಕ್ಷನೆಂಬ ಮಾಂತ್ರಿಕನಿದ್ದ. ವರ್ಷಕ್ಕೊಮ್ಮೆ ಅವನು ಬಯಲಗಲ ಚದುರಂಗದ ಹಾಸು ಹಾಸುತ್ತಿದ್ದ. ಬಿಳಿಕಾಯಿಗಳೆಲ್ಲ ಅವನ ಮಾಯಾಮೃಗಗಳು. ಕರಿಕಾಯಿಗಳು ಕರಿನಾಡಿನ ಜೀವಂತ ಜನ. ಹೊಡೆತ ತಿಂದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಧವಳಾಕ್ಷ ಸೋತರೆ ಮಾತ್ರ ಅವನ ಮಾಯೆ ಮುರಿಯುತ್ತಿತ್ತು.

ಕರಿನಾಡಿನ ಪರವಾಗಿ ರಾಜ ಚಂಡವರ್ಮ ಎತ್ತರದ ಪೀಠದಲ್ಲಿ ಕೂತು ಆಡಿಸುತ್ತಿದ್ದ, ಪ್ರತಿಸಲ ಸೋಲುತ್ತಿದ್ದ. "ಕಾಲಾಳು ಹೋದರೆ ಹೋಗಲಿ" ಎನ್ನುವುದೇ ಅವನ ಆಟ. ಬಡವರ ಮಕ್ಕಳನ್ನು ಸಾವಿಗೆ ನೂಕಲು ಜಾಣತನ ಬೇಕೇ?

ಆ ವರ್ಷ ಕರಿನಾಡಿನ ಬಡಹುಡುಗಿ ಸಾಕಿಯ ತಮ್ಮ ಬೀರನನ್ನು ಕಾಲಾಳಾಗಿ ಹಿಡಿದು ತಂದರು. ಸಾಕಿ ಪೀಠಕ್ಕೇ ಹತ್ತಿದಳು.

"ಇಳಿಯಿರಿ ಮಹಾರಾಜ. ಆಟ ನಾನಾಡುತ್ತೇನೆ. ಹಾಸಿನ ಮೇಲೆ ಕರಿರಾಜನ ಮನೆಯಲ್ಲಿ ನೀವೇ ನಿಲ್ಲಿ."

"ನನಗೇ ಅಪ್ಪಣೆಯೇ?"

"ಅಲ್ಲಿ ನೀವೂ ಒಂದು ಕಾಯಿ!"

ಊರಿಗೆ ಊರೇ ಅವಳ ಹಿಂದೆ ನಿಂತಿತ್ತು. ರಾಜ ಪೀಠದಿಂದ ಇಳಿದು ಕರಿರಾಜನ ಮನೆಯಲ್ಲಿ ನಿಂತ.

ಸಾಕಿಯ ಕೇರಿಯ ಹಳೆಯ ಆಟಕ್ಕೆ ಒಂದೇ ಕಟ್ಟಳೆ: ಬೆನ್ನಿಗೆ ಇನ್ನೊಬ್ಬರಿಲ್ಲದೆ ಯಾರನ್ನೂ ಮುಂದೆ ಕಳಿಸಬಾರದು. ಬೀರನನ್ನು ನಡುಮನೆಗೆ ನಡೆಸಿದಳು, ಅವನ ಕಾವಲಿಗೆ ಕುದುರೆ ತಂದಳು, ರಾಜನನ್ನು ಆನೆಯ ಮರೆಗೆ ಸರಿಸಿದಳು.

ಮೊದಲು ಬೆಂಕಿಯುಗುಳುವ ಬಿಳಿಯಾನೆ ನುಗ್ಗಿತು.

"ಅಕ್ಕಾ, ಸುಡ್ತಿದೆ!"

"ನಿಲ್ಲು ತಮ್ಮಾ, ನಿನ್ನ ಹಿಂದೆ ಕುದುರೆಯಿದೆ."

ಬೀರ ನಿಂತ. ಆನೆ ಹಿಂದೆಗೆಯಿತು. ಆಮೇಲೆ ರೆಕ್ಕೆಯ ಕುದುರೆ ಹಾರಿಬಂತು. ಬೀರ ಆಗಲೂ ನಿಂತ. ಕರಿಯೊಂಟೆ ಆ ಬಿಳಿಕುದುರೆಯನ್ನು ಕೆಡವಿತು.

ಮೂರನೆಯ ಸಲ ಮಾಂತ್ರಿಕ ಮೃಗ ಬಿಡಲಿಲ್ಲ, ಮಾತು ಬಿಟ್ಟ. "ನಿನ್ನ ತಮ್ಮನನ್ನು ಈಗಲೇ ಕರೆದುಕೊಂಡು ಹೋಗು ಮಗಳೇ. ಉಳಿದವರು ನಿನಗೇನಾಗಬೇಕು?"

ಸಾಕಿಯ ಕಣ್ಣು ತುಂಬಿತು. ಬೀರ ಕೆಳಗಿನಿಂದ ಕೂಗಿದ: "ಅಕ್ಕಾ, ನಾನು ಹೋದರೆ ಕುದುರೆ ಮೇಲಿರೋ ಮಾರಜ್ಜನ ಗತಿ? ಆಟ ಆಡು!"

ಸಾಕಿ ಆಡಿದಳು. ಸದಾ ಮೇಲೆರಗಿಯೇ ಗೆದ್ದ ಧವಳಾಕ್ಷ ತನ್ನ ರಾಜನಿಗೆ ಕಾವಲನ್ನೇ ಇಟ್ಟಿರಲಿಲ್ಲ. ಬಿಳಿರಾಜ ಬಟ್ಟಬಯಲಲ್ಲಿದ್ದ. ಕರಿಯಾನೆಗಳು ದಾರಿ ಕಟ್ಟಿದವು. ಬೀರ ಒಂದೊಂದೇ ಮನೆ ಮುಂದೆ ನಡೆದು ಬಿಳಿರಾಜನ ಎದೆಗೆ ಈಟಿ ಹಿಡಿದ. ಓಡಲು ಮನೆಯಿರಲಿಲ್ಲ.

"ಕಾಲಾಳಿಗೆ ಸೋತೆನೇ!" ಎಂದು ಕಿರುಚಿದ ಧವಳಾಕ್ಷ ಬೂದಿಯಾಗಿ ಉದುರಿದ. ಬಯಲಿನ ಕಲ್ಲುಗಳೆಲ್ಲ ಮೈಮುರಿದು ಎದ್ದವು. ತಾಯಂದಿರು ಹೆಸರು ಹಿಡಿದು ಕೂಗುತ್ತಾ ಓಡಿದರು.

ಕರಿನಾಡು ಅಂದಿನಿಂದ ತಲೆಯೆತ್ತಿ ಉಂಡಿತು, ತಲೆಯೆತ್ತಿ ಬಾಳಿತು. ಅಲ್ಲಿನ ಮಕ್ಕಳು ಚದುರಂಗಕ್ಕೆ ಕೂತರೆ ಕರಿಕಾಯಿ ತಮಗೇ ಬೇಕೆಂದು ಈಗಲೂ ಕಿತ್ತಾಡುತ್ತವೆ.