ರಾಜಮುದ್ರೆಯ ಗುಂಡಿ

ಈಗಲೇ ಹೇಳಿಬಿಡಲೇ? ಹೇಳಿದರೆ ಅವಳ ಕೆಲಸ ಉಳಿಯುತ್ತದೆ, ತನ್ನದು ಹೋಗುತ್ತದೆ. ಹೋಗಲಿ. ಆದರೆ ಅವಳ ಕಣ್ಣಲ್ಲಿ ತಾನು ಏನಾಗಿ ಉಳಿಯಬಹುದು?

ಸಿನಿಮಾದ ಒಂದು ಶಾಟ್‌ಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕೇ ಉಡುಪು ಸಿದ್ಧಪಡಿಸುವ ಅವಳು ಅವನನ್ನು 'ಹದ್ದುಗಣ್ಣು' ಎನ್ನುತ್ತಿದ್ದಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗಬಲ್ಲ ಹೆಂಗಸು.

"ಏನ್ರೀ ಹದ್ದುಗಣ್ಣು, ಇವತ್ತು ನನ್ನ ಕಿವೀಲಿ ಯಾವ ಓಲೆ, ಬರ್ಕೊಂಡ್ರಾ?"

ಬರೆದುಕೊಂಡಿದ್ದ. ಶಾಟ್ ಪಟ್ಟಿಯ ಹಿಂಬದಿಯಲ್ಲಿ, ದಿನವೂ.

"ನನಗ್ಯಾಕೆ ನಿಮ್ಮ ಓಲೆ?" ಎಂದಿದ್ದ.

ಇವತ್ತು ಬೆಳಿಗ್ಗೆ, ಸಿಂಹಾಸನ ಕಳೆದುಕೊಂಡ ರಾಜ ಉರಿಯುವ ಅರಮನೆಯಿಂದ ಹೊರಬರುವ ದೃಶ್ಯ. ಸೆಟ್ಟಿಗೆ ನಿಜವಾದ ಬೆಂಕಿ, ಒಂದೇ ಟೇಕ್. ನಟ ತೊಡುವ ಮೊದಲು, ತೂಗುಹಾಕಿದ್ದ ರಾಜನ ನಿಲುವಂಗಿಯ ಎದೆಯ ಮೇಲೆ ರಾಜಮುದ್ರೆಯ ಗುಂಡಿ ಇಲ್ಲದ್ದು ಅವನ ಕಣ್ಣಿಗೆ ಬಿತ್ತು. ಮರೆತಿದ್ದಾಳೆ, ಎಲ್ಲರ ಮುಂದೆ ಬೈಸಿಕೊಳ್ಳುತ್ತಾಳೆ ಎಂದುಕೊಂಡ. ಅವಳ ಡಬ್ಬಿಯಿಂದ ಗುಂಡಿ ಹುಡುಕಿ ತಾನೇ ಹೊಲಿದ. ಬೆರಳಿಗೆ ಸೂಜಿ ಚುಚ್ಚಿದ್ದೂ ಹಿತವಾಗಿತ್ತು.

ಅದು ಮರೆವಲ್ಲ ಎಂದು ತಿಳಿದದ್ದು ಬೆಂಕಿ ಆರಿದ ಮೇಲೆ. ಮಾತಿಗೆ ಮೊದಲು ಆ ಗುಂಡಿ ಮುಟ್ಟಿಕೊಳ್ಳುವುದು ಆ ರಾಜನ ಅಭ್ಯಾಸ. ಇಂದು ಕೈ ತಡಕಾಡಬೇಕಿತ್ತು, ಏನೂ ಸಿಗಬಾರದಿತ್ತು. ತಾನಿನ್ನು ಯಾರೂ ಅಲ್ಲ ಎಂಬುದು ಮೊದಲು ರಾಜನ ಬೆರಳಿಗೆ ಗೊತ್ತಾಗಬೇಕಿತ್ತು. ನಟ ನಿಜಕ್ಕೂ ಬೆಚ್ಚಲಿ ಎಂದು ಅವಳೂ ನಿರ್ದೇಶಕರೂ ಯಾರಿಗೂ ಹೇಳದೆ ಗುಟ್ಟು ಕಾಪಾಡಿದ್ದರು.

ಆದರೆ ನಟನ ಕೈಗೆ ಗುಂಡಿ ಸಿಕ್ಕಿತು. ಸೋತವನು ರಾಜನಾಗಿಯೇ ನಡೆದು ಬಂದ. ಹಿಂದೆ ಅರಮನೆ ಬೂದಿಯಾಯಿತು.

"ಕೊನೆ ಗಳಿಗೇಲಿ ಹೆದರ್ಕೊಂಡು ಹೊಲಿದ್ಬಿಟ್ರಿ," ಎಂದರು ನಿರ್ದೇಶಕರು ಅವಳಿಗೆ. "ನಾಳೆಯಿಂದ ಬರ್ಬೇಡಿ."

ಈಗ ಉಡುಪಿನ ಕೋಣೆಯಲ್ಲಿ ಅವಳು ಕತ್ತರಿ, ದಾರ, ಟೇಪು ಚೀಲಕ್ಕೆ ತುಂಬುತ್ತಿದ್ದಳು. ರಾಜನ ನಿಲುವಂಗಿ ಎತ್ತಿ ತೋರಿಸಿದಳು.

"ಈ ಹೊಲಿಗೆ ನೋಡಿ. ಗೋಣಿಚೀಲ ಹೊಲಿದ ಹಾಗಿದೆ. ಇದು ನಂದು ಅಂತಾರಲ್ಲ!" ನಕ್ಕಳು. ನಗು ಅರ್ಧಕ್ಕೇ ನಿಂತಿತು. ನೋಟ ಅವನ ಬೆರಳ ಮೇಲಿತ್ತು. "ಅದೇನಾಯ್ತು?"

"ಪೇಪರ್ ಕುಯ್ತು."

ಅವಳು ಚೀಲ ಮುಚ್ಚತೊಡಗಿದಳು. ಜಿಪ್ ಎಳೆಯಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಮತ್ತೇನೂ ಇಲ್ವಾ, ಹೇಳೋಕೆ?"

"ಹುಷಾರಾಗಿ ಹೋಗಿ."

ಅವಳು ನಿಲುವಂಗಿಯ ದಾರವನ್ನು ಹಲ್ಲಿಂದ ಕಡಿದು ಗುಂಡಿಯನ್ನು ಅವನ ಅಂಗೈಯಲ್ಲಿಟ್ಟಳು. "ಇಟ್ಕೊಳ್ಳಿ. ನನಗಿಂತ ನಿಮಗೇ ಇದು ಬೇಕಿತ್ತು."

ಬಾಗಿಲು ದಾಟುವಾಗ ಅವಳ ಕಿವಿಯಲ್ಲಿ ಓಲೆ ಇರಲಿಲ್ಲ. ಅವನು ಅದನ್ನೂ ಬರೆದುಕೊಂಡ.

ಗುಂಡಿ ಹೊಲಿದದ್ದು ತಾನೇ ಎಂದು ಅವನು ಎಂದೂ, ಯಾರಿಗೂ ಹೇಳಲಿಲ್ಲ.