ಡಾಕ್ಟರಮ್ಮನಿಗೆ ರಜೆ

“ಅಳಿಸಬೇಡಿ!”

ಮೂರು ದಿನದ ರಜೆ ಮುಗಿಸಿ ಬಂದವಳು ಮೀಟಿಂಗ್ ರೂಮಿನ ಬಾಗಿಲಲ್ಲೇ ಕೂಗಿದಳು. ಅವಳು ಬರೆದಿಟ್ಟಿದ್ದ ಬೋರ್ಡಿನ ಮುಂದೆ ಡಸ್ಟರ್ ಹಿಡಿದಿದ್ದ ಅಪರಿಚಿತ ತಿರುಗಿ ನೋಡಿದ. ಆ ಕಣ್ಣು... ಬೈಯಬೇಕೆಂದಿದ್ದೇ ಮರೆತುಹೋಯಿತು!

“ಡಾಕ್ಟರಮ್ಮ ಅಂದ್ರೆ ನೀವೇನಾ?”

ಅವಳೇ. ಐದು ವರ್ಷದಿಂದ ತಂಡದ ವೆಬ್‌ಸೈಟನ್ನು ಹೊತ್ತು ನಿಂತಿದ್ದ ಹಳೆಯ ಫ್ರೇಮ್‌ವರ್ಕ್, ಅಂದರೆ ಪುಟ ಕಟ್ಟುವ ಸಿದ್ಧ ಚೌಕಟ್ಟು, ಅವಳೊಬ್ಬಳಿಗೇ ಕರಗತ. ಯಾವ ಪುಟ ಕೆಟ್ಟರೂ ಅವಳೇ ಮದ್ದು ಅರೆಯಬೇಕು, ಅದಕ್ಕೇ ಆ ಹೆಸರು. ಹೊಸ ಫ್ರೇಮ್‌ವರ್ಕ್ ಆರಿಸಲು ಬಂದಿದ್ದ ಇವನಿಗೋ, ಮಾತೆತ್ತಿದರೆ ಬೋರ್ಡಿಗೆ ಓಡುವ ಚಾಳಿಯಿಂದ, ಆಗಲೇ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು.

“ಒಂದೇ ಪುಟನ ಎರಡು ರೀತೀಲಿ ಕಟ್ಟೋಣ. ಹಳೇದ್ರಲ್ಲಿ ನೀವು, ಹೊಸದ್ರಲ್ಲಿ ನಾನು. ಎರಡು ವಾರ,” ಅಂದ.

“ಸೋತ್ರೆ ಅಳಬಾರ್ದು!”

ಅಕ್ಕಪಕ್ಕದ ಕುರ್ಚಿ. ಎದುರಾಳಿಯ ತಪ್ಪನ್ನೂ ಅವಳೇ ತಿದ್ದಿಕೊಟ್ಟಳು, ಹುಚ್ಚಿ! ಅವನು ಗೊಣಗುತ್ತಾ ಟೈಪ್ ಮಾಡುವುದು ಕೇಳದಿದ್ದರೆ ಅವಳಿಗೆ ಕೈಯೇ ಓಡುತ್ತಿರಲಿಲ್ಲ.

ಕೊನೆಗೆ ಅವಳ ಪುಟವೇ ಬೇಗ ತೆರೆದುಕೊಂಡಿತು. ಆದರೂ ಗೆದ್ದದ್ದು ಹೊಸ ಫ್ರೇಮ್‌ವರ್ಕ್. ಆ ತಂಡದಲ್ಲಿ ಪ್ರತಿ ನಿರ್ಧಾರಕ್ಕೂ ಒಂದು ಟಿಪ್ಪಣಿ ಬರೆಯುವ ಪದ್ಧತಿ. ಅವನು ಬರೆದ ಟಿಪ್ಪಣಿಯ ಮೊದಲ ಪುಟದಲ್ಲೇ ಇತ್ತು: ‘ಹಳೆಯದರ ದೋಷ: ಎಲ್ಲವೂ ಒಬ್ಬರ ಮೇಲೇ ನಿಂತಿದೆ.’

ಅಂದ್ರೆ... ನಾನೇ ದೋಷಾನಾ?

ಮುಂದೆ ಓದಲಿಲ್ಲ. ಅಂದೇ ಮೇಲಿನ ಮಹಡಿಯ ತಂಡಕ್ಕೆ ವರ್ಗ ಕೇಳಿ, ಮರುದಿನವೇ ಹೊರಟುಹೋದಳು.

ಆರು ತಿಂಗಳು... ಲಿಫ್ಟ್ ಅವನ ಮಹಡಿಯಲ್ಲಿ ನಿಂತಾಗಲೆಲ್ಲ ಬಾಗಿಲತ್ತಲೇ ಕಣ್ಣು. ಬಾಗಿಲು ತೆರೆಯುತ್ತಿತ್ತು, ಬೇರೆ ಯಾರೋ ಹತ್ತುತ್ತಿದ್ದರು. ಪಕ್ಕದಲ್ಲಿ ಗೊಣಗುವವರಿಲ್ಲದ ಮೇಜಿನಲ್ಲಿ ಅವಳು ತನ್ನಷ್ಟಕ್ಕೆ ತಾನೇ ಗೊಣಗಲು ಶುರುಮಾಡಿದ್ದಳು. ಅವನು ಬೇಕಿತ್ತು, ಅಷ್ಟೇ. ಹೇಳಲು ಬಿಂಕ ಬಿಡಬೇಕಲ್ಲ!

ಒಂದು ಮಧ್ಯಾಹ್ನ ಮ್ಯಾನೇಜರ್ ಬಂದರು. “ನಾವೂ ಫ್ರೇಮ್‌ವರ್ಕ್ ಬದಲಾಯಿಸ್ಬೇಕಮ್ಮ. ಕೆಳಗಿನವರ ಟಿಪ್ಪಣಿ ಪೂರ್ತಿ ಓದಿ ಹೇಳಿ.”

ವಿಧಿಯಿಲ್ಲದೆ ಎರಡನೇ ಪುಟ ತೆರೆದಳು.

‘ಕಾರಣ: ನಾನು ಸೇರಿದ ದಿನ ಪುಟವೊಂದು ಕೆಟ್ಟಿತ್ತು. ಅಕ್ಕನ ಹೆರಿಗೆಗೆಂದು ರಜೆ ಹಾಕಿದ್ದ ಡಾಕ್ಟರಮ್ಮ ಆಸ್ಪತ್ರೆಯ ವರಾಂಡದಿಂದಲೇ ಅದನ್ನು ಸರಿಮಾಡುತ್ತಿದ್ದರು. ಮಗುವಿನ ಮೊದಲ ಅಳು ನಮಗೆಲ್ಲ ಫೋನಿನಲ್ಲಿ ಕೇಳಿಸಿತು. ಇವರು ಒಳಗೆ ಹೋಗಲಿಲ್ಲ, ನಮ್ಮ ಜೊತೆಗೇ ಇದ್ದರು. ಎಲ್ಲರಿಗೂ ಬರುವ ಫ್ರೇಮ್‌ವರ್ಕ್ ಬೇಕು. ಇವರಿಗೆ ರಜೆ ಸಿಗಬೇಕು.’

ಅಕ್ಷರಗಳು ಮಂಜಾದವು. ಪ್ರತಿ ಟಿಪ್ಪಣಿಯ ಕೊನೆಗೆ, ಆ ನಿರ್ಧಾರವನ್ನು ಮತ್ತೆ ಯಾವಾಗ ಚರ್ಚಿಸಬಹುದೆಂದು ಬರೆಯಲೇಬೇಕು. ಅವನು ಬರೆದಿದ್ದ: ‘ಡಾಕ್ಟರಮ್ಮ ಬಂದು ಕೇಳಿದ ದಿನ.’

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು.

ಅವನು ಬೋರ್ಡಿನ ಮುಂದೆಯೇ ಇದ್ದ. ಪಕ್ಕದ ಕುರ್ಚಿ ಖಾಲಿ.

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮ್ಗೆ?” ಅವಳು ಬಾಗಿಲಲ್ಲೇ ನಿಂತು ಕೇಳಿದಳು.

“ಹೇಳೋಕೇ ಬಂದೆ. ಅಷ್ಟರಲ್ಲಿ ನೀವು ಹೊರಟುಹೋಗಿದ್ರಿ...”

“ಒಂದೇ ಒಂದು ಮಹಡಿ ಹತ್ತೋಕಾಗ್ಲಿಲ್ವಾ?”

“ಬೇಡ ಅಂತ ಹೋದವರನ್ನ ಹಿಂದೆ ಬಂದು ಕಾಡಬಾರ್ದು ಅನ್ಕೊಂಡೆ. ದಿನಾ ಮೆಟ್ಟಿಲ ತನಕ ಬಂದು ವಾಪಸ್ ಹೋಗ್ತಿದ್ದೆ.”

“ದಡ್ಡ ಮೇಷ್ಟ್ರು!” ಕಣ್ಣೀರಿನ ನಡುವೆಯೇ ನಕ್ಕಳು. “ಈಗ ಬಂದಿದೀನಿ, ಕೇಳ್ತಿದೀನಿ.”

“ಫ್ರೇಮ್‌ವರ್ಕ್ ಬದಲಾಯಿಸ್ಬೇಕಾ?”

“ಅದು ಸರಿಯಾಗೇ ಇದೆ. ನಾನು ಹೋಗಿದ್ದೇ ತಪ್ಪು. ನೀವಂದ್ರೆ ನಂಗೆ ಇಷ್ಟ... ತುಂಬಾ.”

ಅವನ ಕೈಯಿಂದ ಡಸ್ಟರ್ ಜಾರಿತು. ಬೋರ್ಡಿನಲ್ಲಿ ಬರೆದು ವಿವರಿಸಲಾಗದ ಸಂಗತಿ ಅವನಿಗೆ ಸಿಕ್ಕಿದ್ದು ಇದೇ ಮೊದಲು.

“ನಂಗೂ,” ಅಂದ. “ಈ ಭಾನುವಾರ ರಜೆ ಇದೆಯಾ?”

“ಈಗೆಲ್ಲ ಭಾನುವಾರ ನಂಗೆ ಯಾರೂ ಫೋನ್ ಮಾಡಲ್ಲ.”

“ಹಾಗಾದ್ರೆ ಅಕ್ಕನ ಮಗೂನ ತೋರಿಸ್ತೀರಾ? ಅದರ ಅಳು ಮಾತ್ರ ಕೇಳಿದೀನಿ.”

ಅವಳು ಖಾಲಿ ಕುರ್ಚಿಯನ್ನು ಎಳೆದು ಕುಳಿತಳು.

“ಈಗ ನಗೋಕೆ ಕಲ್ತಿದಾಳೆ. ಬನ್ನಿ.”